ಪ್ರಕಾಶನದಲ್ಲಿ ಮೊದಲ ಕೆಲಸ: ಸಹಿ ಹಾಕುವ ಮೊದಲು ಯಾವ ಗಂಟೆಗಳನ್ನು ಎಣಿಸಬೇಕು?

ಹೊಸಹಾಳೆ:
ಸಂಪಾದಕೀಯ ಸಹಾಯಕರ ಹುದ್ದೆಗೆ ಪ್ರಕಾಶನ ಸಂಸ್ಥೆಗಳು ಕೊಡುವ ನೇಮಕಾತಿ ಪತ್ರದಲ್ಲಿ ಕೆಲಸದ ವಿವರ ಮೂರೇ ಸಾಲು ಇರುತ್ತೆ: ಹಸ್ತಪ್ರತಿ ಪರಿಶೀಲನೆ, ಪ್ರೂಫ್ (ಅಚ್ಚಿಗೆ ಮುಂಚಿನ ಕರಡು ಪುಟ) ನೋಡುವುದು, ಸಂಪಾದಕರು ವಹಿಸುವ ಇತರ ಕೆಲಸಗಳು. ವಾರಕ್ಕೆ 40 ಗಂಟೆ ಅಂತ ಬರೆದಿರುತ್ತಾರೆ, ಹೆಚ್ಚುವರಿ ಗಂಟೆಗಳ ಮಾತೇ ಇರಲ್ಲ. ಆ ಮೂರು ಸಾಲಿನೊಳಗೆ ನಿಜಕ್ಕೂ ಎಷ್ಟು ಕೆಲಸ ಇದೆ? ಸಹಿ ಹಾಕುವ ಮೊದಲು ಯಾವುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು? ಕ್ಷೇತ್ರದಲ್ಲಿ ಇರುವವರು ಬಿಡಿಸಿ ಹೇಳಿದರೆ ಉಪಕಾರ.

ಕೊನೇಪ್ರೂಫ್:
ಮೊದಲ ಸಾಲಿನಿಂದಲೇ ಶುರು ಮಾಡೋಣ, ಅತಿ ಹೆಚ್ಚು ಗಂಟೆ ಸೋರಿಹೋಗುವುದು ಅಲ್ಲೇ. 90,000 ಪದಗಳ ಒಂದು ಕಾದಂಬರಿ ಬಂತು ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 250 ಪದದ ವೇಗದಲ್ಲಿ ಓದಿದರೆ 360 ನಿಮಿಷ, ಅಂದರೆ 6 ಗಂಟೆ. ವರದಿ ಬರೆಯಲು ಒಂದೂವರೆ ಗಂಟೆ. ಒಂದು ಹಸ್ತಪ್ರತಿಗೆ ಏಳೂವರೆ ಗಂಟೆ ಆಯಿತು. ವಾರಕ್ಕೆ ಎರಡು ಓದಿ ಅಂದರೆ 15 ಗಂಟೆ. ಕಚೇರಿಯಲ್ಲಿ ಫೋನು, ಮೇಲ್, ಮೀಟಿಂಗ್‌ಗಳ ನಡುವೆ ಆರು ಗಂಟೆ ಎಡೆಬಿಡದೆ ಓದಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಆ 15 ಗಂಟೆ ರಾತ್ರಿಗೂ ಭಾನುವಾರಕ್ಕೂ ಹೋಗುತ್ತದೆ. ಪತ್ರದಲ್ಲಿ 40 ಗಂಟೆ, ಕೈಯಲ್ಲಿ 55. ಸಂಬಳ ಅಷ್ಟೇ ಇರುವುದರಿಂದ ಗಂಟೆಯ ಲೆಕ್ಕದಲ್ಲಿ ಅದು ಶೇ. 27ರಷ್ಟು ಇಳಿದಂತೆ. ಪತ್ರದಲ್ಲಿ ಕಾಣುವ ಸಂಬಳವನ್ನು ಬೇರೆ ಉದ್ಯೋಗದ ಸಂಬಳದ ಜೊತೆ ಹೋಲಿಸುವಾಗ ಈ ಭಾಗಾಕಾರ ಮಾಡಿಯೇ ಹೋಲಿಸಿ.

ಇನ್ನೊಂದು ಮಾತು. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಒಂದೊಂದು ಪದ ಉದ್ದ. ನಿಮಿಷಕ್ಕೆ 250 ಎಂಬ ಲೆಕ್ಕ ಇಂಗ್ಲಿಷಿಗೆ ಸರಿ, ನಮ್ಮ ಭಾಷೆಗೆ ಅಲ್ಲ. ಗಡಿಯಾರ ಇಟ್ಟುಕೊಂಡು 20 ಪುಟ ಓದಿ, ನಿಮ್ಮ ಸ್ವಂತ ವೇಗ ತಿಳಿದುಕೊಳ್ಳಿ.

ಕೇಳಬೇಕಾದ್ದು ಎರಡೇ: ವಾರಕ್ಕೆ ಎಷ್ಟು ಹಸ್ತಪ್ರತಿ, ಓದುವುದು ಕಚೇರಿಯ ವೇಳೆಯಲ್ಲಾ ಹೊರಗಾ? ವಾರದಲ್ಲಿ ಒಂದು ದಿನವನ್ನು ಓದಿಗೇ ಮೀಸಲಿಡುವ ಸಂಸ್ಥೆಗಳಿವೆ. ಅದು ಇಲ್ಲದ ಕಡೆ ಓದುವ ವಿಧಾನವನ್ನಾದರೂ ಸಂಪಾದಕರ ಜೊತೆ ಮೊದಲೇ ಮಾತಾಡಿಕೊಳ್ಳಿ: ಮೊದಲ 30 ಪುಟ, ನಡುವಿನ 10, ಕೊನೆಯ ಅಧ್ಯಾಯ. ಇಷ್ಟರಲ್ಲಿ ಹಿಡಿದು ನಿಲ್ಲಿಸಿದರೆ ಮಾತ್ರ ಪೂರ್ತಿ ಓದು. ಬಹುಪಾಲು ಹಸ್ತಪ್ರತಿಗಳ ಬಗ್ಗೆ ಒಂದು ಗಂಟೆಯಲ್ಲಿ ಪ್ರಾಮಾಣಿಕ ಅಭಿಪ್ರಾಯ ಹೇಳಬಹುದು. ಈ ಒಪ್ಪಂದ ಇಲ್ಲದೆ ನೀವೇ ಹೀಗೆ ಓದಿದರೆ ‘ಪೂರ್ತಿ ಓದಿಲ್ಲ’ ಎಂಬ ಆಕ್ಷೇಪಕ್ಕೆ ಉತ್ತರ ಇರುವುದಿಲ್ಲ.

ಹದಿನಾರುಪುಟ:
ಪ್ರೂಫ್ ಬಗ್ಗೆ ನಾನು ಹೇಳ್ತೀನಿ. ಮೂಲದ ಜೊತೆ ಸಾಲು ಸಾಲಾಗಿ ಹೋಲಿಸಿ ಓದುವಾಗ ಗಂಟೆಗೆ 8ರಿಂದ 10 ಪುಟ ಒಳ್ಳೆಯ ವೇಗ. 320 ಪುಟದ ಪುಸ್ತಕಕ್ಕೆ ಒಂದು ಸುತ್ತು 32ರಿಂದ 40 ಗಂಟೆ. ‘ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು, ಎರಡು ದಿನದಲ್ಲಿ ನೋಡಿಬಿಡಿ’ ಅನ್ನುವ ಮಾತಿನಲ್ಲಿ ಪ್ರೂಫ್ ಓದೋದೇ ಸೇರಿಲ್ಲ, ಪುಟ ತಿರುವೋದು ಮಾತ್ರ ಸೇರಿದೆ.

ಎರಡನೇ ಪ್ರೂಫ್‌ನಲ್ಲಿ ತಿದ್ದಿದ ಜಾಗ ಮಾತ್ರ ನೋಡಿದರೆ ಸಾಕು ಅಂತ ಹೊಸಬರಿಗೆ ಹೇಳಿಕೊಡ್ತಾರೆ. ಸಾಲದು. 117ನೇ ಪುಟದಲ್ಲಿ ಒಂದು ಪದ ಸೇರಿಸಿದಿರಿ ಅನ್ನಿ. ಆ ಪ್ಯಾರಾದಲ್ಲಿ ಒಂದು ಸಾಲು ಹೆಚ್ಚಾಯಿತು, ಪುಟದ ಕೊನೇ ಸಾಲು 118ಕ್ಕೆ ಜಾರಿತು, ಹೀಗೇ ಅಧ್ಯಾಯದ ಕೊನೆಯವರೆಗೂ ಜಾರ್ತಾ ಹೋಯಿತು. ಅಡಿಟಿಪ್ಪಣಿಯ ಅಂಕಿ ಒಂದು ಪುಟದಲ್ಲಿ, ಟಿಪ್ಪಣಿ ಮುಂದಿನ ಪುಟದಲ್ಲಿ. ಪದಸೂಚಿಯಲ್ಲಿ 118 ಅಂತ ಇದ್ದದ್ದು 119 ಆಗಬೇಕು. ಅಧ್ಯಾಯ ಒಂದು ಪುಟ ಬೆಳೆದರೆ ಪರಿವಿಡಿಯೂ ತಪ್ಪು. ಆದ್ದರಿಂದ ಪ್ರತಿ ತಿದ್ದುಪಡಿಗೂ ಅಲ್ಲಿಂದ ಆ ಅಧ್ಯಾಯದ ಕೊನೆಯವರೆಗೆ ಪ್ರತಿ ಪುಟದ ಮೊದಲ ಮತ್ತು ಕೊನೆಯ ಸಾಲನ್ನು ಹಳೆಯ ಪ್ರೂಫ್ ಜೊತೆ ಹೋಲಿಸಬೇಕು. ಪದಸೂಚಿ, ಪರಿವಿಡಿಯನ್ನು ಕಟ್ಟಕಡೆಯ ಪ್ರೂಫ್ ಮೇಲೆಯೇ ತಾಳೆ ನೋಡಬೇಕು.

ಪುಟದ ಸಂಖ್ಯೆಯೂ ಹೊಸಬರ ತಲೆಗೇ ಬರುತ್ತೆ. ಪುಸ್ತಕ 16 ಪುಟದ ಫಾರಂಗಳಲ್ಲಿ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಂತೆ) ಅಚ್ಚಾಗುತ್ತೆ ಅಂದುಕೊಳ್ಳಿ. 320 ಅಂದರೆ ಸರಿಯಾಗಿ 20 ಫಾರಂ. ಕೊನೇ ಹಂತದಲ್ಲಿ ಲೇಖಕರು ಕೃತಜ್ಞತೆಯ ಮಾತು ಸೇರಿಸಿ ಅದು 323 ಆದರೆ ಇನ್ನೊಂದು ಫಾರಂ ಬೇಕು, 336 ಪುಟದಲ್ಲಿ 13 ಖಾಲಿ. ಕಾಗದದ ಖರ್ಚು ಏರುತ್ತೆ, ಪುಸ್ತಕದ ಬೆನ್ನಿನ (ಹೆಸರು ಅಚ್ಚಾಗುವ ದಪ್ಪ ಬದಿಯ) ಅಳತೆ ಬದಲಾಗುತ್ತೆ, ಮುಖಪುಟ ತಿರುಗಿ ಕಟ್ಟಬೇಕು.

ಬೆನ್ನಿನ ಲೆಕ್ಕ ಹೀಗೆ: 320 ಪುಟ ಅಂದರೆ 160 ಹಾಳೆ. ಹಾಳೆಯ ದಪ್ಪ 0.10 ಮಿ.ಮೀ. ಆದರೆ 16 ಮಿ.ಮೀ. ಅದೇ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ, ಆದರೆ ಉಬ್ಬಿದ ಕಾಗದದಲ್ಲಿ ಹಾಳೆ 0.13 ಇರಬಹುದು, ಆಗ 20.8. ಪ್ರೆಸ್ಸಿನವರು ಕಾಗದ ಬದಲಿಸಿ ಹೇಳದೇ ಇದ್ದರೆ ಬೆನ್ನಿನ ಅಕ್ಷರ ಮುಖಪುಟದ ಅಂಚಿಗೆ ಸರಿದು ಕೂರುತ್ತೆ. ‘ಸಹಾಯಕರು ನೋಡಲಿಲ್ಲ’ ಅಂತ ಕಡತದಲ್ಲಿ ಬರೆಯೋದು ಇಂಥ ಹೊತ್ತಿನಲ್ಲೇ. ಹಾಗಾಗಿ ಪ್ರತಿ ಪುಸ್ತಕಕ್ಕೂ ಒಂದು ಒಪ್ಪಿಗೆ ಹಾಳೆ ಇರಲಿ: ಅಂತಿಮ ಪುಟಸಂಖ್ಯೆ, ಕಾಗದದ ಹೆಸರು ಮತ್ತು ದಪ್ಪ, ಬೆನ್ನಿನ ಅಳತೆ, ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸಿ ತೆಗೆಯಲು ಅಂಚಿನಾಚೆ ಬಿಡುವ ಭಾಗ), ಯಾರು ನೋಡಿದರು, ಯಾವ ದಿನ, ಸಹಿ. ಕೊನೇ ಸಹಿ ಸಹಾಯಕರದ್ದಲ್ಲ, ಸಂಪಾದಕರದ್ದು. ಸಂಬಳ ಕಡಿಮೆ ಇರುವವರ ಮೇಲೆ ಹೊಣೆ ಪೂರ್ತಿ ಹಾಕೋದು ನ್ಯಾಯವಲ್ಲ.

ಹೊಸಹಾಳೆ:
ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ತೀನಿ. ಎರಡು ಪ್ರಶ್ನೆ ಉಳಿದಿವೆ. ಕೆಲಸ ಕೊಡುವ ಮೊದಲು ‘ಪರೀಕ್ಷೆಗೆ’ ಅಂತ ಎಡಿಟಿಂಗ್ ಮಾಡಿಸಿಕೊಳ್ಳೋದು ಎಷ್ಟರವರೆಗೆ ಸರಿ? ಪತ್ರದಲ್ಲಿ ‘ಸೇವಾವಧಿಯಲ್ಲಿ ರಚಿಸಿದ ಎಲ್ಲ ಬರಹದ ಹಕ್ಕು ಸಂಸ್ಥೆಗೆ ಸೇರಿದ್ದು’ ಎಂಬ ಸಾಲಿದ್ದರೆ ಏನರ್ಥ?

ಷರಾ:
ಪರೀಕ್ಷೆ ಎರಡರಿಂದ ಐದು ಪುಟ, ಒಂದು ಗಂಟೆಯ ಕೆಲಸ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪಠ್ಯ, ಅದರಲ್ಲಿ ಬೇಕೆಂದೇ ಇಟ್ಟ ತಪ್ಪುಗಳು. ಇದು ಪರೀಕ್ಷೆ. ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ ಕೊಟ್ಟು, ಅದು ಇನ್ನೂ ಪ್ರಕಟವಾಗದ ಪುಸ್ತಕದ ಅಧ್ಯಾಯವಾಗಿದ್ದರೆ, ಅದು ಪುಕ್ಕಟೆ ದುಡಿಮೆ. ‘ಈ ಪಠ್ಯ ಪ್ರಕಟಣೆಗೆ ಬಳಕೆಯಾಗುತ್ತದೆಯೇ? ಹಾಗಿದ್ದರೆ ಪುಟಕ್ಕೆ ಎಷ್ಟು ಕೊಡುತ್ತೀರಿ?’ ಎಂದು ವಿನಯವಾಗಿಯೇ ಕೇಳಿ. ಈ ಪ್ರಶ್ನೆಗೆ ಮುನಿಸಿಕೊಳ್ಳುವ ಕಡೆ ಒಳಗೆ ಹೋದ ಮೇಲೆ ಓವರ್‌ಟೈಮ್ ಕೇಳುವುದು ಸಾಧ್ಯವೇ ಇಲ್ಲ.

ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೂ ಇದೇ ಅಳತೆಗೋಲು. ಕಲಿಕೆ ಯಾರಿಗೆ, ಲಾಭ ಯಾರಿಗೆ? ಅಮೆರಿಕದ ಕಾರ್ಮಿಕ ಇಲಾಖೆ 2018ರಿಂದ ಏಳು ಅಂಶಗಳ ಪರಿಶೀಲನೆ ಇಟ್ಟುಕೊಂಡಿದೆ. ಸಂಬಳದ ನಿರೀಕ್ಷೆ ಇಲ್ಲವೆಂದು ಇಬ್ಬರಿಗೂ ಸ್ಪಷ್ಟವಿತ್ತೇ, ಓದಿನ ಜೊತೆ ಸಂಬಂಧವಿದೆಯೇ, ಸಂಬಳದ ನೌಕರರು ಮಾಡುವ ಕೆಲಸವನ್ನು ಇಂಟರ್ನ್ ಕೈಯಲ್ಲಿ ಮಾಡಿಸುತ್ತಿದ್ದಾರೆಯೇ ಎಂಬಂಥವು. ದೇಶ ಯಾವುದಾದರೂ ಈ ಕೊನೆಯ ಪ್ರಶ್ನೆ ಕೇಳಿಕೊಳ್ಳಿ. ಇಂಟರ್ನ್ ಬಿಟ್ಟುಹೋದ ಮರುದಿನ ಆ ಕೆಲಸಕ್ಕೆ ಇನ್ನೊಬ್ಬ ಇಂಟರ್ನ್ ಬೇಕೇಬೇಕು ಎಂದಾದರೆ ಅದು ಹುದ್ದೆ.

ಹಕ್ಕಿನ ಸಾಲನ್ನು ಹಾಗೇ ಬಿಡಬೇಡಿ. ಬೆನ್ನುಡಿ, ಕ್ಯಾಟಲಾಗ್ ಬರಹ, ಓದು ವರದಿ ಸಂಸ್ಥೆಯದು, ಅದು ಸರಿ. ಆದರೆ ‘ಎಲ್ಲ ಬರಹ’ ಎಂದರೆ ಬಿಡುವಿನಲ್ಲಿ ನೀವು ಬರೆಯುವ ಕಥೆ, ಅನುವಾದವೂ ಅದರೊಳಗೆ ಬರುತ್ತದೆ ಎಂದು ವಾದಿಸಬಹುದು. ‘ಸಂಸ್ಥೆಯ ಕೆಲಸದ ಭಾಗವಾಗಿ ರಚಿಸಿದ ಬರಹ’ ಎಂದು ತಿದ್ದಿಸಿ. ಪಕ್ಕದಲ್ಲೇ ಇನ್ನೊಂದು ಸಾಲು ಇರುತ್ತದೆ: ಹೊರಗಿನ ಯಾವುದೇ ಸಂಪಾದಕೀಯ ಕೆಲಸ ಮಾಡುವಂತಿಲ್ಲ. ಒಂದೇ ಸಂಬಳದಲ್ಲಿ ಬದುಕು ಸಾಗದಿರುವಾಗ ಈ ಸಾಲು ತುಂಬ ಹೊಡೆತ ಕೊಡುತ್ತದೆ. ‘ಪ್ರತಿಸ್ಪರ್ಧಿ ಪ್ರಕಾಶಕರಿಗೆ’ ಎಂದು ಕಿರಿದು ಮಾಡಲು ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ತರಬೇತಿ ಬಾಂಡ್ (ಅವಧಿಗೆ ಮುಂಚೆ ಕೆಲಸ ಬಿಟ್ಟರೆ ತರಬೇತಿ ಖರ್ಚು ಕಟ್ಟಬೇಕೆಂಬ ಕರಾರು) ಇದ್ದರೆ ತರಬೇತಿ ಎಷ್ಟು ದಿನ, ಕಲಿಸುವವರು ಯಾರು, ಖರ್ಚಿನ ಲೆಕ್ಕ ಏನು ಎಂಬುದು ಬರವಣಿಗೆಯಲ್ಲಿ ಇರಲೇಬೇಕು. ಸೀನಿಯರ್ ಪಕ್ಕ ಕೂತು ಕಲಿಯುವುದಕ್ಕೆ ಬಾಂಡ್ ಹಾಕುವುದು ಒಪ್ಪುವಂಥದ್ದಲ್ಲ. ನೋಟಿಸ್ ಅವಧಿ ಎರಡೂ ಕಡೆಗೆ ಸಮನಾಗಿದೆಯೇ ನೋಡಿ.

ಮುಖಬೆಲೆ:
ಪ್ರಕಾಶಕರ ಕಡೆಯ ಲೆಕ್ಕವೂ ಗೊತ್ತಿರಲಿ. ಮುಖಬೆಲೆ 100 ಅಂತ ಹಿಡಿದರೆ ಅಂಗಡಿ ಮತ್ತು ವಿತರಕರ ಕಮಿಷನ್‌ಗೆ 40ರಿಂದ 50 ಹೋಗುತ್ತೆ. ಅಚ್ಚು, ಕಾಗದ, ಬೈಂಡಿಂಗ್‌ಗೆ 15ರಿಂದ 20. ಲೇಖಕರ ಗೌರವಧನ 10ರ ಆಸುಪಾಸು. ಉಳಿದ 20ರಿಂದ 35ರಲ್ಲಿ ಸಂಬಳ, ಬಾಡಿಗೆ, ಸಾಗಣೆ, ವಾಪಸ್ ಬಂದ ಪ್ರತಿಗಳ ನಷ್ಟ. ಮೇಲಾಗಿ ಹಣ ಕೈಗೆ ಬರೋದು ತಿಂಗಳುಗಳ ನಂತರ. ಸಣ್ಣ ಪ್ರಕಾಶಕರು ಸಂಬಳ ಏರಿಸಲು ಹಿಂಜರಿಯೋದು ದುರಾಸೆಯಿಂದ ಮಾತ್ರ ಅಂತ ತಿಳಿಯಬೇಡಿ.

ಕೊನೇಪ್ರೂಫ್:
ಸರ್, ನಿಮ್ಮ ಅಂಕಿಗಳನ್ನೇ ಹಿಡಿದು ಮುಂದೆ ಹೋಗೋಣ. ಒಬ್ಬ ಸಹಾಯಕರ ಕೈ ದಾಟಿ ವರ್ಷಕ್ಕೆ 15 ಪುಸ್ತಕ ಹೊರಬರುತ್ತವೆ, ಒಂದೊಂದು 2,000 ಪ್ರತಿ. ಒಟ್ಟು 30,000. ಅವರ ವರ್ಷದ ಸಂಬಳ 1,500 ಪ್ರತಿಗಳ ಮುಖಬೆಲೆಗೆ ಸಮ ಎಂದಿರಲಿ. ಶೇ. 20 ಏರಿಸಿದರೆ 300 ಪ್ರತಿಗಳ ಬೆಲೆ ಹೆಚ್ಚಾಯಿತು. ಅದನ್ನು 30,000ಕ್ಕೆ ಹಂಚಿದರೆ ಪ್ರತಿಗೆ ಮುಖಬೆಲೆಯ ಶೇ. 1. ಅಚ್ಚಾದದ್ದರಲ್ಲಿ ಶೇ. 60 ಮಾತ್ರ ಮಾರಾಟವಾದರೂ ಶೇ. 1.7 ದಾಟುವುದಿಲ್ಲ. ಕಮಿಷನ್ ಅಥವಾ ಕಾಗದದ ಬೆಲೆ ಅಷ್ಟು ಏರಿದರೆ ಎಲ್ಲರೂ ದಾರಿ ಹುಡುಕುತ್ತಾರೆ. ಸಂಬಳದ ವಿಷಯಕ್ಕೆ ಬಂದಾಗ ಮಾತ್ರ ಸಾಧ್ಯವೇ ಇಲ್ಲ ಎನ್ನುವುದಕ್ಕೆ ಕಾರಣ ಬೇರೆ: ಈ ಕುರ್ಚಿಗಾಗಿ ಹೊರಗೆ ಉದ್ದನೆಯ ಸಾಲು ನಿಂತಿದೆ. ಪುಸ್ತಕದ ಪ್ರೀತಿಯನ್ನು ಸಂಬಳದ ಒಂದು ಭಾಗ ಎಂದು ಎಣಿಸಲಾಗುತ್ತದೆ. ಹೀಗಾದಾಗ ಮನೆಯಿಂದ ಹಣದ ಆಸರೆ ಇದ್ದವರು ಮಾತ್ರ ಉಳಿದುಕೊಳ್ಳುತ್ತಾರೆ, ಯಾವ ಪುಸ್ತಕ ಬರಬೇಕು ಎಂದು ತೀರ್ಮಾನಿಸುವ ಕುರ್ಚಿಗೆ ಹತ್ತು ವರ್ಷದ ಮೇಲೆ ಅವರೇ ತಲುಪುತ್ತಾರೆ.

ದೊಡ್ಡ ಸಂಸ್ಥೆಗಳಲ್ಲಿ ಇದು ಬದಲಾದದ್ದು ನೌಕರರು ಒಟ್ಟಾಗಿ ಕೂತಾಗಲೇ. ಅಮೆರಿಕದ ದೊಡ್ಡ ಪ್ರಕಾಶನ ಸಂಸ್ಥೆ ಹಾರ್ಪರ್‌ಕಾಲಿನ್ಸ್‌ನಲ್ಲಿ ಯುಎಡಬ್ಲ್ಯು ಕಾರ್ಮಿಕ ಸಂಘದ ಲೋಕಲ್ 2110 ಶಾಖೆಗೆ ಸೇರಿದ ಸುಮಾರು 250 ನೌಕರರು 2022ರ ನವೆಂಬರ್ 10ರಂದು ಮುಷ್ಕರ ಹೂಡಿದರು. ಸಂಪಾದಕೀಯದವರ ಜೊತೆ ವಿನ್ಯಾಸ, ಪ್ರಚಾರ, ಮಾರಾಟ, ಕಾನೂನು ವಿಭಾಗದವರೂ ಇದ್ದರು. ಮೂರು ತಿಂಗಳ ನಂತರ, 2023ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ಆರಂಭದ ಕನಿಷ್ಠ ಸಂಬಳ ವರ್ಷಕ್ಕೆ 45,000 ಡಾಲರ್ ಇದ್ದದ್ದು ಕೂಡಲೇ 47,500ಕ್ಕೆ ಏರಿ, 2025ರ ಹೊತ್ತಿಗೆ 50,000 ಆಗುವಂತೆ ಬರೆದುಕೊಂಡರು. ಜೊತೆಗೆ ಒಮ್ಮೆಗೆ 1,500 ಡಾಲರ್ ಬೋನಸ್. ನ್ಯೂಯಾರ್ಕ್‌ನಂಥ ಊರಿನಲ್ಲಿ 45,000ದಲ್ಲಿ ಬಾಡಿಗೆ ಕಟ್ಟಿ ಬದುಕುವುದು ಎಷ್ಟು ಕಷ್ಟವೆಂದು ಜನಕ್ಕೆ ಗೊತ್ತಾದದ್ದೂ ಆ ಮೂರು ತಿಂಗಳಲ್ಲೇ.

ಮುಖಬೆಲೆ:
ಶೇ. 1ರ ಲೆಕ್ಕ ಒಪ್ಪಿದೆ. ವರ್ಷಕ್ಕೆ ನಾಲ್ಕು ಪುಸ್ತಕ, 500 ಪ್ರತಿ ಮಾಡುವ ಕಡೆ ಅದು ನಿಲ್ಲಲ್ಲ. 2,000 ಪ್ರತಿಗೆ 300 ಹಂಚಿದರೆ ಶೇ. 15. ಅಂಥ ಕಡೆ ಪೂರ್ಣಾವಧಿ ಹುದ್ದೆ ಸೃಷ್ಟಿಸಿ ಅರೆ ಸಂಬಳ ಕೊಡೋದಕ್ಕಿಂತ ವಾರಕ್ಕೆ 20 ಗಂಟೆಯ ಹುದ್ದೆಗೆ ಸರಿಯಾದ ಗಂಟೆ ದರ ಕೊಡೋದು ನೇರ ದಾರಿ. ಉಳಿದ ಗಂಟೆ ಅವರದ್ದು, ಬೇರೆ ಕೆಲಸ ಮಾಡಲಿ.

ಗೋದಾಮು:
‘ಇತರ ಕೆಲಸಗಳು’ ಅಂದರೆ ಬಾಕ್ಸ್ ಎತ್ತೋದು ಕೂಡ. ಇದನ್ನ ಯಾರೂ ಹೇಳಿಲ್ಲ, ಅದಕ್ಕೇ ಬರೆದೆ. ಡೆಮಿ ಆಕ್ಟೇವೊ ಅಳತೆಯ ಪುಸ್ತಕ, 138 × 216 ಮಿ.ಮೀ., 320 ಪುಟ, 80 ಜಿಎಸ್‌ಎಂ: ಒಂದು ಪುಸ್ತಕ ಹತ್ತಿರ ಹತ್ತಿರ 400 ಗ್ರಾಂ. 40 ಪ್ರತಿಯ ಬಾಕ್ಸ್ 16 ಕೆ.ಜಿ. ಬಿಡುಗಡೆಗೆ 200 ಪ್ರತಿ ಬೇಕು ಅಂದರೆ ಐದು ಬಾಕ್ಸ್, ಒಟ್ಟು 80 ಕೆ.ಜಿ., ಮೇಲಿನ ಮಹಡಿಗೆ. ಪ್ರೆಸ್ಸಿಗೆ ಆರ್ಡರ್ ಕೊಡುವಾಗಲೇ 20 ಪ್ರತಿಯ ಬಾಕ್ಸ್ ಕೇಳಿ, ಖರ್ಚಿನ ವ್ಯತ್ಯಾಸ ಅಲ್ಪ, ಸೊಂಟ ಉಳಿಯುತ್ತೆ. ಒಂದು ಕೈಗಾಡಿ ಇರಲಿ.

ಪುಸ್ತಕ ಮೇಳದ ಮಳಿಗೆ ಕೆಲಸ ಶನಿವಾರ ಭಾನುವಾರ ಬಿದ್ದರೆ ಎರಡು ದಿನ ಬದಲಿ ರಜೆ, ಅದೂ 30 ದಿನದೊಳಗೆ ತಗೊಳ್ಳೋ ಹಾಗೆ ಬರೆಸಿಕೊಳ್ಳಿ. ‘ಮುಂದೆ ನೋಡೋಣ’ ಅಂದ ಬದಲಿ ರಜೆ ಬರಲ್ಲ, ಯಾಕಂದರೆ ಮೇಳ ಮುಗಿದ ಕೂಡಲೇ ಮುಂದಿನ ಪುಸ್ತಕಗಳ ಪಟ್ಟಿ ಶುರುವಾಗಿರುತ್ತೆ. ಮಳಿಗೆಯಲ್ಲಿ ನಗದು ಇಟ್ಟುಕೊಳ್ಳುವವರು ಬೆಳಿಗ್ಗೆ ಮತ್ತು ರಾತ್ರಿ ಇನ್ನೊಬ್ಬರ ಎದುರು ಎಣಿಸಿ ಇಬ್ಬರೂ ಸಹಿ ಮಾಡಬೇಕು. ಕಡಿಮೆ ಬಿದ್ದ ಹಣ ಸಂಬಳದಿಂದ ಕಡಿಯೋ ಪದ್ಧತಿ ಇದೆಯಾ ಅಂತ ಮೊದಲೇ ಕೇಳಿ.

ಷರಾ:
ಹೊಸಬರಿಗೆ ತಪ್ಪದೆ ಬರುವ ಇನ್ನೊಂದು ಕೆಲಸ ಅನುಮತಿ ಪತ್ರಗಳು. ಲೇಖಕರು ಕವನದ ಸಾಲು, ಹಾಡು, ಚಿತ್ರ ಬಳಸಿದ್ದರೆ ಹಕ್ಕುದಾರರ ಒಪ್ಪಿಗೆ ಬೇಕು. ಉತ್ತರ ಬರಲು ಆರರಿಂದ ಹನ್ನೆರಡು ವಾರ ಹಿಡಿಯುವುದು ಮಾಮೂಲು. ಇದನ್ನು ಪ್ರೂಫ್ ಹಂತದಲ್ಲಿ ಶುರು ಮಾಡಿದರೆ ಪುಸ್ತಕ ನಿಲ್ಲುತ್ತದೆ, ಬೈಗುಳ ಬೀಳುವುದು ಅನುಮತಿ ಪತ್ರ ಬರೆದವರಿಗೆ. ಹಸ್ತಪ್ರತಿ ಬಂದ ವಾರವೇ ಒಂದು ಪಟ್ಟಿ ತೆರೆಯಿರಿ: ಉಲ್ಲೇಖ, ಪುಟ, ಎಷ್ಟು ಸಾಲು, ಹಕ್ಕುದಾರರು, ಕೇಳಿದ ದಿನ, ನೆನಪಿಸಿದ ದಿನ, ಶುಲ್ಕ, ಯಾವ ಭಾಷೆಗೆ, ಎಷ್ಟು ಪ್ರತಿಗೆ, ಇ-ಪುಸ್ತಕ ಸೇರಿದೆಯೇ. ಶುಲ್ಕ ಕೊಡುವವರು ಲೇಖಕರೋ ಪ್ರಕಾಶಕರೋ ಎಂಬುದು ಲೇಖಕರ ಒಪ್ಪಂದದಲ್ಲಿ ಇರುತ್ತದೆ, ಅದನ್ನು ನೋಡದೆ ಯಾರಿಗೂ ಮಾತು ಕೊಡಬೇಡಿ.

ಹದಿನಾರುಪುಟ:
ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ನೋಡೋದು ಕೂಡ. ಅದರ 13 ಅಂಕಿಯಲ್ಲಿ ಮೊದಲ 12ನ್ನು 1, 3, 1, 3 ಹೀಗೆ ಗುಣಿಸಿ ಕೂಡಬೇಕು. ಆ ಮೊತ್ತವನ್ನು ಹತ್ತರ ಮುಂದಿನ ಗುಣಕಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ಕೊನೇ ಅಂಕಿ. ಒಂದು ಅಂಕಿ ತಪ್ಪಿದರೆ ತಂತ್ರಾಂಶ ಹಿಡಿಯುತ್ತೆ. ಆದರೆ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿ, ಅವುಗಳ ನಡುವಿನ ವ್ಯತ್ಯಾಸ 5 ಆಗಿದ್ದರೆ, 1 ಮತ್ತು 6, 2 ಮತ್ತು 7 ಹೀಗೆ, ಹಿಡಿಯಲ್ಲ. ತಂತ್ರಾಂಶ ಸರಿ ಅಂದಿದೆ ಅಂತ ಬಿಡಬಾರದು, ಬಾರ್‌ಕೋಡ್ ಕೆಳಗಿನ ಅಂಕಿ, ಹಕ್ಕುಪುಟದ ಅಂಕಿ, ಕ್ಯಾಟಲಾಗ್‌ನ ಅಂಕಿ ಮೂರನ್ನೂ ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ನೋಡಬೇಕು. ಇದು ಇಬ್ಬರ ಕೆಲಸ, ಐದು ನಿಮಿಷ. ಒಬ್ಬರಿಗೇ ಬಿಟ್ಟು ಆಮೇಲೆ ಸಾವಿರಾರು ಪ್ರತಿಗೆ ಸ್ಟಿಕ್ಕರ್ ಅಂಟಿಸುವ ಶಿಕ್ಷೆಯನ್ನೂ ಅವರಿಗೇ ಕೊಡೋ ಕಡೆ ಇವೆ.

ಪ್ರತಿಪುಟ:
ನೌಕರಿ ಬದಲು ‘ಪುಟಕ್ಕೆ ಇಷ್ಟು’ ಅಂತ ಕೊಡ್ತೀವಿ ಅಂದರೆ ಮೊದಲು ಪುಟ ಅಂದರೆ ಏನು ಅಂತ ಕೇಳಿ. ಇಂಗ್ಲಿಷ್ ಎಡಿಟಿಂಗ್‌ನಲ್ಲಿ ಹಸ್ತಪ್ರತಿಯ ಪುಟಕ್ಕೆ 250 ಪದ ಅನ್ನೋದು ರೂಢಿ. ಅಚ್ಚಿನ ಪುಟದಲ್ಲಿ 350 ಇರಬಹುದು. ಅಚ್ಚಿನ 320 ಪುಟ ಅಂದರೆ 1,12,000 ಪದ, 250ರ ಲೆಕ್ಕದಲ್ಲಿ 448 ಪುಟ. ಅದೇ ದರ, ಅದೇ ಪುಸ್ತಕ, 128 ಪುಟದ ಹಣ ಹೋಯಿತು. ಪದಕ್ಕೆ ಅಥವಾ ಅಕ್ಷರಕ್ಕೆ ದರ ಮಾಡಿಸಿಕೊಂಡರೆ ಈ ತಕರಾರೇ ಇಲ್ಲ. ಎಷ್ಟು ಸುತ್ತು ಅಂತಲೂ ಬರೆಸಿ, ಎರಡರ ನಂತರದ ಪ್ರತಿ ಸುತ್ತಿಗೆ ಬೇರೆ ಹಣ.

ಹೊಸಹಾಳೆ:
ಬಡ್ತಿ ಬಗ್ಗೆ ಒಂದು ಮಾತು ಹೇಳಿ. ಎಷ್ಟು ವರ್ಷಕ್ಕೆ ಅಂತ ಕೇಳಬಹುದಾ?

ಕೊನೇಪ್ರೂಫ್:
ಕೇಳಿ, ಆದರೆ ವರ್ಷಕ್ಕಿಂತ ಕೆಲಸದ ಬಗ್ಗೆ ಕೇಳಿ. ಸಹಾಯಕ ಸಂಪಾದಕ ಎಂಬ ಹೆಸರು ಬರುತ್ತದೆ, ಹಳೆಯ ಕೆಲಸ ಮಾತ್ರ ಕೈ ಬಿಡುವುದಿಲ್ಲ, ಯಾಕೆಂದರೆ ಖಾಲಿಯಾದ ಜಾಗಕ್ಕೆ ಹೊಸಬರನ್ನು ತೆಗೆದುಕೊಂಡಿರುವುದಿಲ್ಲ. ಸ್ವಂತ ಪುಸ್ತಕಗಳು ನಾಲ್ಕು, ಹಿರಿಯರ ಮೀಟಿಂಗ್ ಟಿಪ್ಪಣಿ, ಗೌರವಪ್ರತಿ ಕಳಿಸುವುದು, ಬಿಲ್ ಹಾಕುವುದು ಎಲ್ಲವೂ ಅವರಲ್ಲೇ. ಬಡ್ತಿ ಪತ್ರದಲ್ಲಿ ಹೊಸ ಕೆಲಸಗಳ ಪಟ್ಟಿಯ ಜೊತೆಗೆ ಬಿಟ್ಟುಕೊಡುವ ಕೆಲಸಗಳ ಪಟ್ಟಿ, ಅವು ಯಾರಿಗೆ ಹೋಗುತ್ತವೆ, ಯಾವ ತಾರೀಖಿಗೆ ಎಂಬುದು ಇರಬೇಕು.

ಅದಕ್ಕೆ ಆಧಾರ ಬೇಕಲ್ಲ, ಸೇರಿದ ಮೊದಲ ದಿನದಿಂದ ಗಂಟೆಯ ಲೆಕ್ಕ ಬರೆದಿಡಿ. ದಿನಾಂಕ, ಪುಸ್ತಕ, ಕೆಲಸ, ಶುರು, ಮುಗಿದದ್ದು, ಹೇಳಿದವರು ಯಾರು, ಕಚೇರಿ ವೇಳೆಯೋ ಹೊರಗೋ. ಏಳು ಕಾಲಂ, ದಿನಕ್ಕೆ ಎರಡು ನಿಮಿಷ. ‘ಕೆಲಸ ಜಾಸ್ತಿ’ ಎಂದರೆ ‘ನಮಗೂ ಇತ್ತು’ ಎಂಬ ಉತ್ತರ ಬರುತ್ತದೆ. ‘ಎಂಟು ವಾರದಲ್ಲಿ ಕಚೇರಿ ವೇಳೆಯ ಹೊರಗೆ 112 ಗಂಟೆ, ಅದರಲ್ಲಿ 90 ಹಸ್ತಪ್ರತಿ ಓದು’ ಎಂದರೆ ಎದುರಿಗಿದ್ದವರೂ ಪೆನ್ನು ತೆಗೆಯಬೇಕಾಗುತ್ತದೆ.

ಹೊಸಹಾಳೆ:
ಸಹಿ ಮುಂಚೆ ಕಳಿಸುವ ಮೇಲ್ ಹೇಗಿರಬೇಕು? ಒರಟಾಗಿ ಕಾಣಬಾರದು.

ಷರಾ:
ಇಷ್ಟು ಸಾಕು:

‘ಮಾನ್ಯರೇ, ನೇಮಕಾತಿ ಪತ್ರ ತಲುಪಿದೆ, ಧನ್ಯವಾದಗಳು. ಸಹಿ ಮಾಡುವ ಮೊದಲು ನಾಲ್ಕು ವಿಷಯ ಸ್ಪಷ್ಟಪಡಿಸಬೇಕೆಂದು ಕೋರುತ್ತೇನೆ. ವಾರಕ್ಕೆ ಸರಾಸರಿ ಎಷ್ಟು ಹಸ್ತಪ್ರತಿ ಓದಬೇಕಾಗುತ್ತದೆ, ಆ ಓದು 40 ಗಂಟೆಗಳಲ್ಲಿ ಸೇರಿದೆಯೇ? ಹೆಚ್ಚುವರಿ ಗಂಟೆ ಮತ್ತು ರಜಾದಿನದ ಕೆಲಸಕ್ಕೆ ಹಣವೋ ಬದಲಿ ರಜೆಯೋ? ಕಲಂನಲ್ಲಿರುವ “ಎಲ್ಲ ಬರಹ” ಎಂಬುದನ್ನು “ಸಂಸ್ಥೆಯ ಕೆಲಸದ ಭಾಗವಾಗಿ ರಚಿಸಿದ ಬರಹ” ಎಂದು ಬದಲಿಸಬಹುದೇ? ಪ್ರೊಬೇಷನ್ ಮುಗಿದ ಮೇಲೆ ಸಂಬಳದ ಪರಿಶೀಲನೆ ಯಾವ ತಿಂಗಳಲ್ಲಿ ನಡೆಯುತ್ತದೆ? ತಮ್ಮ ಉತ್ತರ ಬಂದ ಎರಡು ದಿನದೊಳಗೆ ಸಹಿ ಮಾಡಿದ ಪ್ರತಿ ಕಳಿಸುತ್ತೇನೆ.’

ಫೋನಿನಲ್ಲಿ ಉತ್ತರ ಕೊಟ್ಟರೆ ‘ನೀವು ಈಗ ಹೇಳಿದಂತೆ’ ಎಂದು ಶುರು ಮಾಡಿ ಅದೇ ದಿನ ಮೇಲ್‌ನಲ್ಲಿ ಬರೆದು ಕಳಿಸಿ, ಒಂದು ಪ್ರತಿಯನ್ನು ನಿಮ್ಮ ಸ್ವಂತ ವಿಳಾಸಕ್ಕೂ ಹಾಕಿಕೊಳ್ಳಿ. ಕಚೇರಿಯ ಮೇಲ್ ಕೆಲಸ ಬಿಟ್ಟ ದಿನವೇ ಮುಚ್ಚಿಹೋಗುತ್ತದೆ.